5 ಜನ, 3 ದಿನ, 15 ಸಾವಿರ: ಚಿಕ್ಕಮಗಳೂರು ಪ್ರವಾಸ ಹೀಗೆ ಮಾಡಿ

ಮಕ್ಕಳಿಗೆ ರಜೆ ಶುರುವಾಯಿತು ಅಂದರೆ ನಮ್ಮ ಮನೆಗೆ ಫೋನ್ ಬರುವುದೂ ಶುರು. 'ಚಿಕ್ಕಮಗಳೂರಿಗೆ ಬರೋಣ ಅಂತಿದ್ದೀವಿ, ಎಷ್ಟಾಗುತ್ತೆ?' ಈ ಊರಲ್ಲಿ ಮನೆ ಮಾಡಿದ ತಪ್ಪಿಗೆ ನಾನು ನೆಂಟರಿಷ್ಟರಿಗೆಲ್ಲ ಸಂಬಳವಿಲ್ಲದ ಟೂರಿಸ್ಟ್ ಆಫೀಸು.

ಕಳೆದ ಸಲ ಕೇಳಿದವಳು ಬೆಂಗಳೂರಿನ ಅಕ್ಕ. ಅಕ್ಕ, ಭಾವ, ಅಕ್ಕನ ಅತ್ತೆ, 9 ವರ್ಷದ ಮಗ, 5 ವರ್ಷದ ಮಗಳು. 'ಹದಿನೈದು ಸಾವಿರ ದಾಟಬಾರದು ಕಣೋ' ಅಂದಳು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಜೊತೆಗೆ ಅವಳ ಅತ್ತೆಗೆ ಬೀಗರ ಮನೆಯಲ್ಲಿ ಉಳಿಯಲು ಸಂಕೋಚ. ಹಾಗಾಗಿ ಲಾಡ್ಜ್ ಖರ್ಚೂ ಆ ದುಡ್ಡಿನಲ್ಲೇ ಆಗಬೇಕಿತ್ತು. ಆಯಿತು. ಕೊನೆಗೆ ಲೆಕ್ಕ ಹಾಕಿದಾಗ 400 ರೂಪಾಯಿ ಉಳಿದಿತ್ತು.

ಹೇಗೆ ಅಂತ ಹೇಳುವ ಮೊದಲು ಒಂದು ಮಾತು. ಎಲ್ಲರೂ ರೂಮಿನ ಬಾಡಿಗೆ ಕಡಿಮೆ ಮಾಡಲು ಒದ್ದಾಡುತ್ತಾರೆ. ಆದರೆ ಇಲ್ಲಿ ದುಡ್ಡು ಕರಗುವುದು ರೂಮಿಗಲ್ಲ, ಗಾಡಿಗೆ. ಕಾರು, ಜೀಪು, ಮತ್ತೆ ಕಾರು. ಗಾಡಿಯ ಖರ್ಚನ್ನು ಒಂದೇ ದಿನಕ್ಕೆ ಕಟ್ಟಿಹಾಕಿದರೆ ಉಳಿದದ್ದು ಸಲೀಸು.

ಮೊದಲು ವಾರ ನೋಡಿ, ಆಮೇಲೆ ತಿಂಗಳು

ಶನಿವಾರ, ಭಾನುವಾರ ಬರಬೇಡಿ. ಸೋಮವಾರ ಬಂದು ಬುಧವಾರ ಹೊರಡಿ. ಭಾವನಿಗೆ ಎರಡು ದಿನ ಜಾಸ್ತಿ ರಜೆ ಹಾಕಿಸಲು ಅಕ್ಕ ಒಂದು ವಾರ ಜಗಳ ಆಡಿದಳು. ಆದರೆ ವಾರಾಂತ್ಯದಲ್ಲಿ ಎರಡು ಸಾವಿರ ಹೇಳುವ ರೂಮು ಅವರಿಗೆ 1,200ಕ್ಕೆ ಸಿಕ್ಕಿತು. ಭಾನುವಾರ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹತ್ತುವ ಗಿರಿ ರಸ್ತೆಯಲ್ಲಿ ಗಾಡಿಗಳ ಸಾಲು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ತಿಂಗಳ ವಿಷಯಕ್ಕೆ ಬಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ರೂಮು ಅಗ್ಗ, ಹಸಿರು ಕಣ್ಣಿಗೆ ಹಬ್ಬ. ಆದರೆ ಗಿರಿಯ ಮೇಲೆ ನಿಂತರೆ ಮಂಜು ಬಿಟ್ಟು ಇನ್ನೇನೂ ಕಾಣದ ದಿನಗಳೇ ಜಾಸ್ತಿ. ತೋಟದೊಳಗೆ ಕಾಲಿಟ್ಟರೆ ಉಂಬಳ, ಅಂದರೆ ಜಿಗಣೆ. ಚಿಕ್ಕ ಮಕ್ಕಳಿದ್ದರೆ ನನ್ನ ಓಟು ದಸರಾ ರಜೆಗೆ, ಇಲ್ಲವೇ ಏಪ್ರಿಲ್‌ಗೆ. ಏಪ್ರಿಲ್ ಅಂದರೆ ಜನ ಮೂಗು ಮುರಿಯುತ್ತಾರೆ, 'ಬಿಸಿಲಲ್ವಾ?' ಅಂತ. ಪೇಟೆಯಲ್ಲಿ ಬಿಸಿಲು ನಿಜ, ಗಿರಿಯ ಮೇಲೆ ಅಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು 8-10 ದಿನಕ್ಕೆ ಕಾಫಿ ಹೂ ಅರಳುತ್ತದೆ. ಗಿಡದ ರೆಂಬೆಗಳಿಗೆಲ್ಲ ಬಿಳಿ ಹತ್ತಿ ಸುತ್ತಿದ ಹಾಗೆ. ವಾಸನೆ ಮಲ್ಲಿಗೆಯದೇ ತಂಗಿ. ಮೂರ್ನಾಲ್ಕು ದಿನದಲ್ಲಿ ಬಾಡುತ್ತದೆ. ಅದು ಸಿಕ್ಕರೆ ನಿಮ್ಮ ಅದೃಷ್ಟ, ಟಿಕೆಟ್ ಇಲ್ಲ.

ಡಿಸೆಂಬರ್‌ನಲ್ಲಿ ಬರುವವರು ದತ್ತ ಜಯಂತಿ ಯಾವತ್ತು ಅಂತ ಕ್ಯಾಲೆಂಡರ್ ನೋಡಿ. ಆ ಸಮಯದಲ್ಲಿ ಗಿರಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಇದು ಗೊತ್ತಿಲ್ಲದೆ ಬಂದು ಗಿರಿ ದಾರಿಯ ಕೈಮರದ ಚೆಕ್‌ಪೋಸ್ಟ್‌ನಿಂದ ವಾಪಸ್ ಹೋದವರು ಪ್ರತಿ ವರ್ಷ ಇರುತ್ತಾರೆ.

ಕೆಂಪು ಬಸ್ ಹತ್ತಿ

ಬೆಂಗಳೂರಿನಿಂದ ಇಲ್ಲಿಗೆ ಸುಮಾರು 245 ಕಿಲೋಮೀಟರ್. ಹಾಸನ, ಬೇಲೂರು ಮೇಲೆ ಬರುವ ಕೆಎಸ್‌ಆರ್‌ಟಿಸಿ ಬಸ್ಸಿಗೆ ಐದರಿಂದ ಆರು ಗಂಟೆ ಹಿಡಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಬಜೆಟ್ ಪ್ರವಾಸಕ್ಕೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಅಕ್ಕನಿಗೆ, ಅವಳ ಅತ್ತೆಗೆ ಶೂನ್ಯ ಟಿಕೆಟ್. 6 ವರ್ಷದೊಳಗಿನ ಮಗುವಿಗೆ ಹೇಗೂ ಟಿಕೆಟ್ ಇಲ್ಲ. ಮಗನಿಗೆ ಅರ್ಧ, ಭಾವನಿಗೆ ಪೂರ್ತಿ. ಐದು ಜನ ಬಂದು ಹೋಗಿದ್ದಕ್ಕೆ ಸಾವಿರ ರೂಪಾಯಿಯ ಆಸುಪಾಸು. ಕಾರಿನಲ್ಲಿ ಬಂದಿದ್ದರೆ ಪೆಟ್ರೋಲಿಗೇ ಇದರ ಮೂರ್ನಾಲ್ಕು ಪಟ್ಟು.

ಎರಡು ಎಚ್ಚರ. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳಿಗೆ ಶಕ್ತಿ ನಡೆಯುವುದಿಲ್ಲ. ಮತ್ತೆ, ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಅಕ್ಕನ ಅತ್ತೆ ಆಧಾರ್ ಕಾರ್ಡನ್ನು 'ಕಳೆದುಹೋದೀತು' ಅಂತ ಮನೆಯ ಬೀರುವಿನಲ್ಲಿಟ್ಟು ಬಂದಿದ್ದರು. ಮೆಜೆಸ್ಟಿಕ್‌ಗೆ ಬಂದ ಮೇಲೆ ಗೊತ್ತಾಗಿ, ಭಾವ ವಾಪಸ್ ಹೋಗಿ ತಂದ. ಅಷ್ಟು ಹೊತ್ತಿಗೆ ಬಸ್ ಹೋಗಿತ್ತು.

ಹುಬ್ಬಳ್ಳಿ, ದಾವಣಗೆರೆ ಕಡೆಯವರು ರೈಲಿನಲ್ಲಿ ಕಡೂರಿಗೆ ಬಂದು ಇಳಿಯಿರಿ. ಅಲ್ಲಿಂದ 40 ಕಿಲೋಮೀಟರ್, ಬಸ್ಸುಗಳಿಗೆ ಬರವಿಲ್ಲ.

ಮಲಗುವುದು ಪೇಟೆಯಲ್ಲಿ

ಹೋಮ್‌ಸ್ಟೇ ಬೇಡವೇ ಅಂತ ಕೇಳುತ್ತೀರಿ. ಬೇಡ ಅನ್ನುವುದಿಲ್ಲ. ತೋಟದ ನಡುವೆ ಬೆಳಿಗ್ಗೆ ಎದ್ದು ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿನ್ನುವ ಸುಖವೇ ಬೇರೆ. ಆದರೆ ಅದು ಕಾರು ಇಟ್ಟುಕೊಂಡು ಬರುವವರ ಸುಖ.

ಎರಡು ವರ್ಷದ ಹಿಂದೆ ಗೆಳೆಯನೊಬ್ಬನ ಸಂಸಾರಕ್ಕೆ ನಾನೇ ಒಂದು ಹೋಮ್‌ಸ್ಟೇ ಹುಡುಕಿಕೊಟ್ಟು ಬೈಸಿಕೊಂಡೆ. ಫೋಟೊದಲ್ಲಿ ಗಿರಿ ಇತ್ತು, ವಿಳಾಸದಲ್ಲಿ ಚಿಕ್ಕಮಗಳೂರು ಅಂತ ಇತ್ತು. ಆ ಚಿಕ್ಕಮಗಳೂರು ಊರಲ್ಲ, ಜಿಲ್ಲೆ ಅಂತ ನನಗೇ ಹೊಳೆಯಲಿಲ್ಲ. ಜಾಗ ಮೂಡಿಗೆರೆ ದಾಟಿ ಇತ್ತು, ಪೇಟೆಯಿಂದ 48 ಕಿಲೋಮೀಟರ್. ಕೊನೆಯ ನಾಲ್ಕು ಕಿಲೋಮೀಟರ್ ಬಂಡೆ ರಸ್ತೆ, ಅದಕ್ಕೆ ಅವರದೇ ಜೀಪು. ಹೋಗಲೂ ದುಡ್ಡು, ಬರಲೂ ದುಡ್ಡು. ಮಗುವಿಗೆ ಜ್ವರದ ಮಾತ್ರೆ ತರಲು ಹೋಗಿದ್ದಕ್ಕೂ ಬಿಲ್ಲಿನಲ್ಲಿ ಒಂದು ಜೀಪು ಸೇರಿತ್ತು.

ಹೋಮ್‌ಸ್ಟೇಯೇ ಬೇಕು ಅನ್ನುವವರು ಮುಂಗಡ ಕೊಡುವ ಮೊದಲು ಫೋನ್ ಮಾಡಿ ಕೇಳಿ. ಬಸ್‌ಸ್ಟ್ಯಾಂಡಿನಿಂದ ಎಷ್ಟು ಕಿಲೋಮೀಟರ್? ಕಾರು ಬಾಗಿಲವರೆಗೆ ಬರುತ್ತದಾ, ಜೀಪೇ ಬೇಕಾ? ತಲೆಗೆ ಇಷ್ಟು ಅನ್ನುವುದರಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ? ಮಕ್ಕಳಿಗೆ ಅರ್ಧವೋ ಪೂರ್ತಿಯೋ? ಕ್ಯಾಂಪ್‌ಫೈರ್‌ಗೆ ಬೇರೆ ದುಡ್ಡಾ? ಉತ್ತರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಲು ಹೇಳಿ. ಬಾಯಿಮಾತು ಬಿಲ್ ಬರುವಾಗ ಮರೆತುಹೋಗುತ್ತದೆ.

ಅಕ್ಕನ ಮನೆಯವರಿಗೆ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದ ಲಾಡ್ಜಿನಲ್ಲಿ ಎರಡು ರೂಮು ಹಿಡಿದೆ. ಎರಡು ರಾತ್ರಿಗೆ 4,800. ಬಿಸಿನೀರು ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಕೇಳಿಕೊಳ್ಳಿ. ಗಿರಿಗೆ ಹೋಗುವ ದಿನ ಐದೂವರೆಗೇ ಏಳಬೇಕು.

ಜಾಗಗಳನ್ನು ಎರಡು ಪಾಲು ಮಾಡಿ

ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆಯಿರಿ. ಈ ಕಡೆ ಬಸ್ಸು, ಆಟೋ ಹೋಗುವ ಜಾಗ, ಆ ಕಡೆ ಗಾಡಿ ಮಾಡಿಕೊಂಡೇ ಹೋಗಬೇಕಾದ ಜಾಗ. ಬೇಲೂರು, ಹಳೇಬೀಡು ಬಸ್ಸಿನ ಪಾಲಿಗೆ. ಊರ ಅಂಚಿನ ರತ್ನಗಿರಿ ಬೋರೆಯ ಪಾರ್ಕು, ಹತ್ತು ಕಿಲೋಮೀಟರ್ ಆಚೆಯ ಹಿರೇಕೊಳಲೆ ಕೆರೆ ಆಟೋ ಪಾಲಿಗೆ. ಮುಳ್ಳಯ್ಯನಗಿರಿ, ದತ್ತಪೀಠ–ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ ಜಲಪಾತ ಗಾಡಿಯ ಪಾಲಿಗೆ. ಈ ಮೂರೂ ಒಂದೇ ದಿಕ್ಕು, ಒಂದೇ ದಿನದಲ್ಲಿ ಮುಗಿಯುತ್ತವೆ.

ಹೆಬ್ಬೆ ಮತ್ತು ಝರಿ ಜಲಪಾತಗಳನ್ನು ನಾನು ಪಟ್ಟಿಯಿಂದ ಹೊಡೆದುಹಾಕಿದೆ. ಎರಡಕ್ಕೂ ಜೀಪಿಗೆ ಬೇರೆ ದುಡ್ಡು, ಅರ್ಧ ದಿನ ಅದಕ್ಕೇ. ಅಕ್ಕನ ಮಗ ರೀಲ್ಸ್‌ನಲ್ಲಿ ನೋಡಿಕೊಂಡು ಬಂದಿದ್ದ, ಮುಖ ಊದಿಸಿದ. ಕೆಮ್ಮಣ್ಣುಗುಂಡಿಯನ್ನೂ ಬಿಟ್ಟೆ. ಚೆಂದದ ಜಾಗ, ಆದರೆ ಪೇಟೆಯಿಂದ 50 ಕಿಲೋಮೀಟರ್‌ಗಿಂತ ಜಾಸ್ತಿ. ತರೀಕೆರೆ, ಶಿವಮೊಗ್ಗ ಕಡೆಯಿಂದ ಬರುವವರಾದರೆ ಲೆಕ್ಕ ತಿರುಗುಮುರುಗು. ಅವರು ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ ನೋಡಿಕೊಂಡು ಹೋಗುವುದೇ ಸರಿ.

ಬಂದ ದಿನ ಸಂಜೆ ಸುಮ್ನೆ ರತ್ನಗಿರಿ ಬೋರೆಗೆ ಹೋಗಿ. ಮಕ್ಕಳು ಆಡಿಕೊಳ್ಳುತ್ತವೆ, ದೊಡ್ಡವರು ಬೆಂಚಿನ ಮೇಲೆ ಕೂತು ನಾಳೆ ಹತ್ತುವ ಗಿರಿಸಾಲನ್ನು ನೋಡಬಹುದು. ಅರ್ಧಚಂದ್ರದ ಹಾಗೆ ಬಾಗಿದ್ದಕ್ಕೇ ಅದಕ್ಕೆ ಚಂದ್ರದ್ರೋಣ ಅಂತ ಹೆಸರು.

ಗಿರಿಯ ದಿನ

ಗಾಡಿಯನ್ನು ಹಿಂದಿನ ಸಂಜೆಯೇ ಪೇಟೆಯಲ್ಲಿ ಮಾತಾಡಿಕೊಳ್ಳಿ. ದಿನದ ಲೆಕ್ಕವೋ, ಕಿಲೋಮೀಟರ್ ಲೆಕ್ಕವೋ? ಡ್ರೈವರ್ ಬಾಟಾ ಸೇರಿದೆಯಾ? ಗಿರಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ತಂದಿದೆ, ಅದನ್ನು ಯಾರು ಮಾಡಿಸುತ್ತಾರೆ? ನಮಗೆ ಎಲ್ಲಾ ಸೇರಿ 3,200 ಆಯಿತು. ಇಡೀ ಪ್ರವಾಸದಲ್ಲಿ ಗಾಡಿಗೆ ಅಂತ ಕೊಟ್ಟ ದೊಡ್ಡ ದುಡ್ಡು ಇದೊಂದೇ.

ಎಟಿಎಂ ಕೆಲಸ ಪೇಟೆಯಲ್ಲೇ ಮುಗಿಸಿ. ಮೇಲೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಫೋನ್‌ಪೇ ನಂಬಿಕೊಂಡು ಹೋದ ಭಾವ, ಜೋಳದ ಗಾಡಿಯ ಮುಂದೆ ಫೋನನ್ನು ಮೇಲಕ್ಕೆತ್ತಿ ಹಿಡಿದು ಐದು ನಿಮಿಷ ನಿಂತಿದ್ದ. ಕೊನೆಗೆ ಅವನ ಅಮ್ಮ ಸೊಂಟದ ಚೀಲದಿಂದ ನೂರರ ನೋಟು ತೆಗೆದರು. ನೀರಿಗೆ ಸ್ಟೀಲ್ ಬಾಟಲಿ ಇರಲಿ, ಚೆಕ್‌ಪೋಸ್ಟ್‌ನಲ್ಲಿ ಪ್ಲಾಸ್ಟಿಕ್ ಹುಡುಕುತ್ತಾರೆ.

ತಿಂಡಿ ವಿಷಯದಲ್ಲಿ ನಾನು ಎಡವಿದೆ. ಬೆಳಿಗ್ಗೆ ಪೇಟೆಯ ಹಳೇ ಹೋಟೆಲಿಗೆ ಕರೆದುಕೊಂಡು ಹೋದೆ. ಹುಡುಗ ಎರಡು ಬೆಣ್ಣೆ ದೋಸೆ ಹೊಡೆದ. ಕೈಮರ ದಾಟಿ ನಾಲ್ಕನೇ ತಿರುವಿಗೆ ಎರಡೂ ಹೊರಗೆ ಬಂದವು. ಡ್ರೈವರ್ ಏನೂ ಮಾತಾಡದೆ ಡ್ಯಾಶ್‌ಬೋರ್ಡಿನಿಂದ ನಿಂಬೆಹಣ್ಣು ತೆಗೆದುಕೊಟ್ಟ. ದಿನಾ ನೋಡುವವನು. ಹೋಗುವಾಗ ಮಕ್ಕಳಿಗೆ ಒಂದೆರಡು ಇಡ್ಲಿ ಸಾಕು, ದೋಸೆ ಗಿರಿಯಿಂದ ಇಳಿದು ಬಂದ ಮೇಲೆ. ಮಧ್ಯಾಹ್ನಕ್ಕೆ ಹೋಟೆಲಿನವರಿಂದಲೇ ಚಪಾತಿ, ಪಲ್ಯ, ಮೊಸರನ್ನ ನಿಮ್ಮ ಡಬ್ಬಿಗೆ ಹಾಕಿಸಿಕೊಳ್ಳಿ. ಮೇಲೆ ಊಟದ ಹೋಟೆಲ್ ಹುಡುಕುವ ತಾಪತ್ರಯ ತಪ್ಪುತ್ತದೆ.

ಮೊದಲು ಮುಳ್ಳಯ್ಯನಗಿರಿ. 1,930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಜನ ಜಾಸ್ತಿ ಇರುವ ದಿನ ಗಾಡಿಗಳನ್ನು ಸೀತಾಳಯ್ಯನಗಿರಿಯಲ್ಲೇ ನಿಲ್ಲಿಸಿ, ಅಲ್ಲಿಂದ ಜೀಪಿಗೆ ಹತ್ತಿಸುತ್ತಾರೆ. ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಮಗೆ ಆ ಗೋಜು ಬರಲಿಲ್ಲ. ಕೊನೆಗೆ ಸುಮಾರು 500 ಮೆಟ್ಟಿಲು. ಅಕ್ಕನ ಅತ್ತೆ ಅರವತ್ತು ಮೆಟ್ಟಿಲು ಹತ್ತಿ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. 'ನೀವು ಹೋಗಿ ಬನ್ನಿ, ನಾನು ಇಲ್ಲಿಂದಲೇ ಕೈ ಮುಗೀತೀನಿ.' ನಾವು ಇಳಿದು ಬರುವಾಗ ಸೆರಗನ್ನು ಕಿವಿಗೆ ಬಿಗಿಯಾಗಿ ಸುತ್ತಿಕೊಂಡು, ನಮ್ಮೆಲ್ಲರ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು, ಗುರುತಿಲ್ಲದ ಯಾವುದೋ ಹೆಂಗಸಿನ ಜೊತೆ ಮೊಣಕಾಲು ನೋವಿನ ಎಣ್ಣೆಯ ಬಗ್ಗೆ ಮಾತಾಡುತ್ತಿದ್ದರು. ವಯಸ್ಸಾದವರಿಗೆ ಸ್ವೆಟರ್ ಜೊತೆ ಒಂದು ಕಿವಿ ಮುಚ್ಚುವ ಟೋಪಿ ಇಟ್ಟುಕೊಳ್ಳಿ. ಚಳಿಗಿಂತ ಗಾಳಿಯೇ ಜಾಸ್ತಿ ಕಾಡುವುದು.

ಅಲ್ಲಿಂದ ಬಾಬಾಬುಡನ್‌ಗಿರಿಯ ದಾರಿ. ಅತ್ತಿಗುಂಡಿ ಹತ್ತಿರದ ಹೊನ್ನಮ್ಮನಹಳ್ಳ ರಸ್ತೆ ಪಕ್ಕದಲ್ಲೇ ಸಿಗುವ ಜಲಪಾತ. ಹೆಬ್ಬೆ ಹೆಬ್ಬೆ ಅನ್ನುತ್ತಿದ್ದ ಹುಡುಗ ಇಲ್ಲಿ ನೀರಿಗೆ ಕಾಲಿಟ್ಟ ಮೇಲೆ ಸುಮ್ಮನಾದ. ಬೇಸಿಗೆಯಲ್ಲಿ ನೀರು ಸಣ್ಣಗಾಗಿರುತ್ತದೆ. ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮನ್ನಿನ ಮೋಕಾದಿಂದ 7 ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ನೆಟ್ಟರು ಅನ್ನುವ ಕಥೆಯನ್ನು ಮಕ್ಕಳಿಗೆ ಇಲ್ಲೇ ಹೇಳಬೇಕು. 'ಏಳೇನಾ?' ಅಂತ ಅಕ್ಕನ ಮಗಳು ಬೆರಳು ಮಡಚಿ ಎಣಿಸಿ, ಸುತ್ತಲಿನ ತೋಟ ನೋಡಿದಳು. ಮಾಣಿಕ್ಯಧಾರಾ ನೋಡಿಕೊಂಡು ಮಧ್ಯಾಹ್ನ ಮೂರಕ್ಕೆ ಕೆಳಗಿಳಿದರೆ ಮಂಜು ಕವಿಯುವ ಮೊದಲೇ ಪೇಟೆ ಸೇರುತ್ತೀರಿ.

ವಾಪಸ್ ದಾರಿಯಲ್ಲೇ ಬೇಲೂರು

ಬೇಲೂರಿಗೆ ಹೋಗಿ ಮತ್ತೆ ಚಿಕ್ಕಮಗಳೂರಿಗೆ ಬಂದು, ಮಾರನೇ ದಿನ ಅದೇ ಬೇಲೂರಿನ ಮೇಲೆ ಬೆಂಗಳೂರಿಗೆ ಹೋಗುವವರನ್ನು ನೋಡಿದ್ದೇನೆ. ಒಂದು ರಾತ್ರಿಯ ರೂಮು ದಂಡ. ಮೂರನೇ ದಿನ ಬೆಳಿಗ್ಗೆ ರೂಮು ಖಾಲಿ ಮಾಡಿ, ಬ್ಯಾಗ್ ಜೊತೆಗೇ ಬೇಲೂರಿನ ಬಸ್ ಹತ್ತಿ. 25 ಕಿಲೋಮೀಟರ್. ಅಲ್ಲಿಂದ ಹಳೇಬೀಡು 16. ಹಳೇಬೀಡಿನಿಂದ ಹಿಂದೆ ಬರಬೇಡಿ, ನೇರ ಹಾಸನಕ್ಕೆ ಬಸ್ ಇದೆ, ಸುಮಾರು 30 ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಬಸ್ಸೂ ಉಂಟು, ರೈಲೂ ಉಂಟು. ಇದಕ್ಕಾಗಿಯೇ ಬ್ಯಾಗುಗಳನ್ನು ಮೊದಲೇ ಮಿತಿಯಲ್ಲಿಡಿ. ಒಬ್ಬರಿಗೆ ಒಂದು, ಹೆಗಲಿಗೆ ಹಾಕಿಕೊಳ್ಳುವಂಥದ್ದು. ಎಳೆದುಕೊಂಡು ಹೋಗುವ ಸೂಟ್‌ಕೇಸ್ ಕೆಂಪು ಬಸ್ಸಿಗೆ ಆಗಿಬರುವುದಿಲ್ಲ.

ಬೇಲೂರಿನ ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು. ಒಳಗೆ ಹೋಗಲು ಟಿಕೆಟ್ ಇಲ್ಲ, ಚಪ್ಪಲಿ ಬಿಡಲು ಚಿಲ್ಲರೆ ಇಟ್ಟುಕೊಳ್ಳಿ. ಬ್ಯಾಗಿನಲ್ಲಿ ಎಲ್ಲರಿಗೂ ಒಂದೊಂದು ಜೊತೆ ಹಳೇ ಸಾಕ್ಸ್ ಇರಲಿ. ಹತ್ತೂವರೆ ದಾಟಿದರೆ ಅಂಗಳದ ಕಲ್ಲು ದೋಸೆ ಹಂಚಿನ ಹಾಗೆ ಕಾಯುತ್ತದೆ. ಶಿಲಾಬಾಲಿಕೆಯರ ಕೆಳಗೆ ನಿಂತು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಕುಣಿಯುವ ಪ್ರವಾಸಿಗರೆಲ್ಲ ಸಾಕ್ಸ್ ತರದವರು. ಗೈಡ್‌ಗೆ ಒಬ್ಬರೇ ದುಡ್ಡು ಕೊಡುವ ಬದಲು ಪಕ್ಕದ ಇನ್ನೊಂದು ಸಂಸಾರವನ್ನು ಸೇರಿಸಿಕೊಳ್ಳಿ. ನಮ್ಮ ಜೊತೆ ಗದಗಿನವರು ಸೇರಿದ್ದರು.

ಈಗ ಲೆಕ್ಕ. ಬೆಂಗಳೂರು ಬಸ್ಸಿಗೆ 1,000. ರೂಮು 4,800. ಗಿರಿಯ ಗಾಡಿ 3,200. ಊಟ, ತಿಂಡಿ, ಕಾಫಿ 4,000. ಸ್ಥಳೀಯ ಬಸ್ಸು, ಆಟೋ 300. ಪಾರ್ಕಿಂಗ್, ಗೈಡ್, ಜೋಳ, ಹೂವು, ಕಾಯಿ ಸೇರಿ 500. ಕಾಫಿ ಪುಡಿಗೆ 800. ಒಟ್ಟು 14,600.

ಪುಡಿಯನ್ನು ಗಿರಿಯ ದಾರಿಯ ಅಂಗಡಿಗಳಲ್ಲಿ ಕೊಳ್ಳಬೇಡಿ. ಪೇಟೆಯಲ್ಲಿ ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳಿವೆ, ಚಿಕೋರಿ ಎಷ್ಟು ಹಾಕಲಿ ಅಂತ ಕೇಳಿಯೇ ಹಾಕುತ್ತಾರೆ. ಅಕ್ಕ 'ಚಿಕೋರಿನೇ ಬೇಡ' ಅಂದಳು. ಅವಳ ಅತ್ತೆ ಹಿಂದಿನಿಂದ 'ಸ್ವಲ್ಪ ಇರಲಿ ಬಿಡಮ್ಮ, ಇಲ್ಲದಿದ್ರೆ ಡಿಕಾಕ್ಷನ್ ಗಟ್ಟಿ ಬರಲ್ಲ' ಅಂದರು. ಕೊನೆಗೆ ಅರ್ಧ ಅರ್ಧ ಕೆಜಿಯ ಎರಡು ಪೊಟ್ಟಣ ಕಟ್ಟಿಸಿದರು.