ಮುಂಬೈ ಠಾಣೆಯಲ್ಲಿ ಎನ್‌ಸಿ ಚೀಟಿ ಕೊಟ್ಟು ಕಳಿಸಿದರೆ

ಗಂಡನ ಮನೆಯ ಹಿಂಸೆಯ ದೂರು ಕೊಡಲು ಹೋದವರ ಕೈಗೆ ಎಷ್ಟೋ ಸಲ ಸಿಗುವುದು ‘ಎನ್‌ಸಿ’ (ನಾನ್-ಕಾಗ್ನಿಜಬಲ್) ಚೀಟಿ. ಅದು ಎಫ್‌ಐಆರ್ ಅಲ್ಲ. ಅದರ ಮೇಲೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯೇ ನಡೆಯುವುದಿಲ್ಲ. ಗಂಡ, ಅತ್ತೆ-ಮಾವಂದಿರ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿದೆ (2024ರ ಜುಲೈ 1ಕ್ಕೆ ಮೊದಲಿನದಾದರೆ ಹಳೆಯ ಐಪಿಸಿಯ 498ಎ); ಅದರಡಿ ಎಫ್‌ಐಆರ್ ಕೇಳಿ. ‘ಮೊದಲು ವಿಚಾರಿಸುತ್ತೇವೆ’ ಅಂದರೆ ಅದಕ್ಕೂ 14 ದಿನದ ಮಿತಿಯಿದೆ.

ಹೊರಡುವ ಮೊದಲು ತಾರೀಖು, ಜಾಗ, ಯಾರು ಏನು ಮಾಡಿದರು ಎಂದು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಠಾಣೆಯಲ್ಲಿ ಬರೆಯುವುದು ಮರಾಠಿಯಲ್ಲಿ. ಎಡವುವುದು ಇಲ್ಲೇ: ನೀವು ‘ಹೊಡೆದ’ ಅಂದದ್ದು ಅಲ್ಲಿ ಬರೀ ‘ಭಾಂಡಣ’ ಆಗಿಬಿಟ್ಟಿರುತ್ತದೆ, ಅಂದರೆ ಜಗಳ! ಬರೆದದ್ದನ್ನು ಓದಿ ಹೇಳುವುದು ಅವರ ಕರ್ತವ್ಯ. ಮರಾಠಿ ಬಲ್ಲವರೊಬ್ಬರನ್ನು ಕರೆದೊಯ್ದು, ನಿಮ್ಮ ಹಾಳೆಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿಯೇ ಸಹಿ ಹಾಕಿ. ಎಫ್‌ಐಆರ್ ಪ್ರತಿ ಉಚಿತ.

‘ಕಲಬುರಗಿಯಲ್ಲಿ ನಡೆದದ್ದು, ಅಲ್ಲಿಗೇ ಹೋಗಿ’ ಅಂದರೆ ಝೀರೋ ಎಫ್‌ಐಆರ್ ಕೇಳಿ, ಅಂದರೆ ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಮು ಅದಕ್ಕೇ ಇರುವುದು. ಆಗಲೂ ಒಪ್ಪದಿದ್ದರೆ ದೂರನ್ನು ಆ ವಲಯದ ಉಪ ಪೊಲೀಸ್ ಆಯುಕ್ತರಿಗೆ (ಡಿಸಿಪಿ) ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಸೀದಿ ಬಿಸಾಡಬೇಡಿ, ಮ್ಯಾಜಿಸ್ಟ್ರೇಟರ ಬಳಿ ಹೋಗುವಾಗ ಅಫಿಡವಿಟ್ ಜೊತೆ ಅದೂ ಬೇಕು. ವಕೀಲರ ಖರ್ಚಿನ ಚಿಂತೆಯಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವಿದೆ.