ನಿಮ್ಮ ನಾಯಿಗೆ ಅದರ ಹೆಸರು ನಿಜವಾಗಿ ಗೊತ್ತಾ? ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ

ನಮ್ಮ ನಾಯಿಯ ಹೆಸರು ಚಿಂಟು. ಪಕ್ಕದ ಮನೆಯ ಹುಡುಗನನ್ನು ಎಲ್ಲರೂ ಕರೆಯುವುದು ಪಿಂಟು ಅಂತ. ಸಂಜೆ ಆರೂವರೆಗೆ ಅವನ ಅಮ್ಮ ಹೋಂವರ್ಕ್ ಮಾಡಿಸಲು ಕಾಂಪೌಂಡ್ ಹತ್ತಿರ ನಿಂತು 'ಪಿಂಟೂ...' ಅಂತ ಕೂಗಿದರೆ ಹುಡುಗನ ಸುಳಿವೇ ಇರುವುದಿಲ್ಲ, ನಮ್ಮ ಚಿಂಟು ಮಾತ್ರ ಬಾಲ ಅಲ್ಲಾಡಿಸಿಕೊಂಡು ಅವರ ಗೇಟಿನ ಮುಂದೆ ಹಾಜರು. ಎರಡು ವರ್ಷ ಇದನ್ನು ನೋಡಿ ನಕ್ಕಿದ್ದೇವೆ. ಆಮೇಲೆ ಒಂದು ದಿನ ಅನುಮಾನ ಶುರುವಾಯಿತು. ಇವನಿಗೆ ತನ್ನ ಹೆಸರು ಗೊತ್ತಿದೆಯೋ, ಇಲ್ಲಾ 'ಇಂಟು' ಅಂತ ಮುಗಿಯುವ ಯಾವ ಸದ್ದಾದರೂ ಆದೀತೋ?

ಕರೆದರೆ ಬರುತ್ತದಲ್ಲ, ಅಷ್ಟು ಸಾಲದಾ ಅಂತ ಕೇಳಬಹುದು. ಸಾಲದು. ನಾವು ನಾಯಿಯನ್ನು ಕರೆಯುವಾಗ ಬರೀ ಹೆಸರು ಹೇಳುವುದಿಲ್ಲ. ದನಿ ಮುದ್ದಾಗುತ್ತದೆ, ಸೊಂಟ ಬಗ್ಗುತ್ತದೆ, ಕೈ ತಾನಾಗಿ ತೊಡೆ ತಟ್ಟುತ್ತದೆ, ಬಿಸ್ಕತ್ ಪ್ಯಾಕೆಟ್ಟು ಚರಪರ ಅನ್ನುತ್ತಿರುತ್ತದೆ. ಇದನ್ನೆಲ್ಲ ಹಾಗೇ ಇಟ್ಟುಕೊಂಡು, ಅದೇ ರಾಗದಲ್ಲಿ 'ಬದನೆಕಾಯೀ' ಅಂತ ಕರೆದು ನೋಡಿ. ಚಿಂಟು ಓಡಿ ಬಂದ. ನಿಮ್ಮದೂ ಬಂದರೆ ಆಶ್ಚರ್ಯ ಪಡಬೇಡಿ.

ಇದೇನು ಹೊಸ ಸಮಸ್ಯೆ ಅಲ್ಲ. ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸು ತಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬವರು ಅದರ ಗುಟ್ಟು ಬಯಲು ಮಾಡಿದರು. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳಿದವರ ತಲೆ, ಮೈ ತಮಗೇ ತಿಳಿಯದಂತೆ ಒಂಚೂರು ಅಲುಗುತ್ತಿತ್ತು. ಕುದುರೆ ನೋಡುತ್ತಿದ್ದದ್ದು ಅದನ್ನು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿರುತ್ತಿರಲಿಲ್ಲ. ನಮ್ಮ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದ ಜಾಗ ಇದೇ.

ಅಂದಹಾಗೆ ನಾಯಿಗಳು ಹೆಸರು ಗುರುತಿಸುತ್ತವಾ ಅನ್ನುವುದಕ್ಕೆ ಉತ್ತರ ಇದೆ. ಹೌದು, ಗುರುತಿಸುತ್ತವೆ. 2019ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಮೃತಾ ಮಲ್ಲಿಕಾರ್ಜುನ್, ರೋಷೆಲ್ ನ್ಯೂಮನ್ ಮತ್ತು ಜೊತೆಯವರು ನಾಯಿಗಳಿಗೆ ಸ್ಪೀಕರ್‌ನಲ್ಲಿ ಅವುಗಳ ಹೆಸರು ಕೇಳಿಸಿದರು. ದನಿ ಮಾಲೀಕರದಲ್ಲ, ನಾಯಿ ಹಿಂದೆಂದೂ ಕೇಳಿರದ ಒಬ್ಬ ಹೆಂಗಸಿನದು. ಜೊತೆಗೆ ಅದೇ ಲಯದ ಬೇರೆ ನಾಯಿಗಳ ಹೆಸರನ್ನೂ ಕೇಳಿಸಿದರು, ಹಿನ್ನೆಲೆಯಲ್ಲಿ ಹಲವರು ಒಟ್ಟಿಗೆ ಮಾತಾಡುವ ಗದ್ದಲ. ಗದ್ದಲ ಹೆಸರಿನಷ್ಟೇ ಜೋರಾಗಿದ್ದಾಗಲೂ ನಾಯಿಗಳು ತಮ್ಮ ಹೆಸರು ಬಂದ ಕಡೆ ಜಾಸ್ತಿ ಹೊತ್ತು ತಿರುಗಿ ನೋಡಿದವು. ಗದ್ದಲ ಹೆಸರನ್ನು ಮೀರಿದಾಗ ಸೋತವು. ಒಂದು ವರ್ಷದ ಮಗುವಿಗೆ ಹೆಸರು ಗದ್ದಲಕ್ಕಿಂತ ಸ್ವಲ್ಪ ಜೋರಾಗಿ ಕೇಳಿಸಬೇಕು, ಅಂದರೆ ಈ ಒಂದು ವಿಷಯದಲ್ಲಿ ನಾಯಿ ಮಗುವಿಗಿಂತ ಮುಂದೆ! ಕೆಲಸಕ್ಕೆ ತರಬೇತಾದ ನಾಯಿಗಳು ಮನೆ ನಾಯಿಗಳಿಗಿಂತ ಚೆನ್ನಾಗಿ ಮಾಡಿದವು. ಅದೂ ಸಹಜ ಅಲ್ವಾ? ನಮ್ಮ ಮನೆಯಲ್ಲಿ ಚಿಂಟುವಿಗೆ ಚಿಂಟ್ಯಾ, ಚಿನ್ನು, ಕಳ್ಳ, ಮಗಾ ಅಂತ ಹೊತ್ತಿಗೊಂದು ಹೆಸರು. ಪಾಪ, ಅವನು ಯಾವುದನ್ನು ಅಂತ ಹಿಡಿದುಕೊಳ್ಳಬೇಕು?

ಆದರೆ ಅದು ಅಲ್ಲಿಯ ನಾಯಿಗಳ ಮಾತಾಯಿತು. ನಿಮ್ಮ ನಾಯಿಯದು ನೀವೇ ನೋಡಬೇಕು. ಇದಕ್ಕೆ ನಾನು ಬಳಸಿದ ದಾರಿ ಬೆಕ್ಕುಗಳದು. ಟೋಕಿಯೋದ ಸೋಫಿಯಾ ವಿಶ್ವವಿದ್ಯಾಲಯದ ಅತ್ಸುಕೊ ಸೈಟೊ ಬೆಕ್ಕುಗಳ ಮೇಲೆ ಮಾಡಿದ್ದು, ಅದೂ 2019ರಲ್ಲೇ ಪ್ರಕಟವಾಯಿತು. ಮೊದಲು ನಾಲ್ಕು ಸುಮ್ನೆ ಪದಗಳು, ಕೊನೆಗೆ ಹೆಸರು. ಪದಗಳನ್ನು ಕೇಳಿ ಕೇಳಿ ಬೆಕ್ಕಿಗೆ ಬೇಜಾರಾಗಿರುತ್ತದೆ, ಹೆಸರು ಬಂದಾಗ ಮತ್ತೆ ಕಿವಿ ನೆಟ್ಟಗಾದರೆ ಗೊತ್ತಿದೆ ಅಂತ ಅರ್ಥ. ಸುಲಭ, ಖರ್ಚೂ ಇಲ್ಲ.

ಮೊದಲು ಪದ ಆರಿಸಿಕೊಳ್ಳಿ

ನಾಯಿಯ ಹೆಸರಿನಷ್ಟೇ ಉದ್ದದ ನಾಲ್ಕು ಪದ ಸಾಕು. ನಾನು ತೆಗೆದುಕೊಂಡದ್ದು ಹಂಚು, ಬುಟ್ಟಿ, ಕಂಬ, ಗೋಡೆ. ಊಟ, ವಾಕಿಂಗ್, ಚೆಂಡು ಮುಂತಾದವು ಬೇಡ, ಅವು ಯಾವ ನಾಯಿಗೂ ಹೆಸರಿಗಿಂತ ಚೆನ್ನಾಗಿ ಗೊತ್ತಿರುತ್ತವೆ. 'ಹಚಾ' ಅಂತೂ ಬೇಡವೇ ಬೇಡ. ಹೆಸರೇ ಇಲ್ಲದ ಬೀದಿ ನಾಯಿಗೂ ಅದು ಗೊತ್ತು.

ಫೋನಿನಲ್ಲಿ ರೆಕಾರ್ಡ್ ಮಾಡಿ

ಎದುರು ನಿಂತು ಹೇಳಿದರೆ ಹಾನ್ಸ್ ಕತೆಯೇ ಆಗುತ್ತದೆ. ಫೋನಿನಲ್ಲಿ ನಾಲ್ಕು ಪದ, ಆಮೇಲೆ ಹೆಸರು, ಒಂದೊಂದರ ಮಧ್ಯೆ 15 ಸೆಕೆಂಡ್ ಬಿಟ್ಟು ರೆಕಾರ್ಡ್ ಮಾಡಿ. ದನಿ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹಾಗಿರಲಿ, ಏರಿಳಿತ ಬೇಡ. ಹೇಳುವಷ್ಟು ಸುಲಭ ಅಲ್ಲ ಇದು, ನಾನು ಏಳು ಸಲ ಅಳಿಸಿ ಮತ್ತೆ ಮಾಡಿದೆ. ಚಿಂಟು ಅಂತ ಹೇಳುವಾಗ ಗಂಟಲು ತಾನಾಗಿ ಮೆತ್ತಗಾಗಿಬಿಡುತ್ತದೆ. ಕೊನೆಗೆ ಮಗಳು 'ಅಪ್ಪಾ, ಕರೆಂಟ್ ಬಿಲ್ ಓದೋ ಥರ ಓದು' ಅಂದಳು, ಆಗ ಸರಿಯಾಯಿತು.

ಹೊತ್ತು ನೋಡಿ ಕೂರಿ

ಊಟಕ್ಕೆ ಮುಂಚೆ ಬೇಡ, ವಾಕಿಂಗ್ ಹೊತ್ತಿಗೂ ಬೇಡ. ಮಧ್ಯಾಹ್ನ ಎರಡು ಗಂಟೆ ಒಳ್ಳೆಯದು. ಚಿಂಟು ಹಾಲ್‌ನಲ್ಲಿ ರೆಡಾಕ್ಸೈಡ್ ನೆಲದ ಮೇಲೆ ಗಲ್ಲ ಊರಿ ಮಲಗಿದ್ದ. ಅವನ ಬೆನ್ನ ಹಿಂದೆ ಸ್ಟೂಲ್ ಮೇಲೆ ರೆಕಾರ್ಡ್ ಮಾಡಿದ ಫೋನು ಇಟ್ಟೆವು, ಮುಂದೆ ವಿಡಿಯೋ ತೆಗೆಯಲು ಇನ್ನೊಂದು. ಮನೆಯವರೆಲ್ಲ ನಾಯಿಯನ್ನು ನೋಡದೆ ತಮ್ಮ ಪಾಡಿಗೆ ಪೇಪರ್ ಓದುತ್ತಿರಬೇಕು. ಸಾಧ್ಯವಾದರೆ ಹೆಸರು ಎಷ್ಟನೆಯದು ಅಂತ ಗೊತ್ತಿಲ್ಲದವರು ಆಮೇಲೆ ವಿಡಿಯೋವನ್ನು ಸದ್ದಿಲ್ಲದೆ ನೋಡಿ, ನಾಯಿ ಯಾವಾಗ ಎಚ್ಚೆತ್ತಿತು ಅಂತ ಹೇಳಲಿ.

ಏನನ್ನು ನೋಡಬೇಕು ಅಂದರೆ, ಎದ್ದು ಬರುತ್ತದಾ ಅನ್ನುವುದನ್ನಲ್ಲ. ಕಿವಿ, ಕಣ್ಣು, ಬಾಲದ ತುದಿ, ಕತ್ತು. 'ಹಂಚು' ಅಂದಾಗ ಚಿಂಟುವಿನ ಎಡಗಿವಿ ಎದ್ದಿತು. 'ಬುಟ್ಟಿ'ಗೆ ಕಣ್ಣು ಅರ್ಧ ಬಿಟ್ಟ. 'ಕಂಬ'ಕ್ಕೆ ಏನೂ ಇಲ್ಲ. 'ಗೋಡೆ'ಗೆ ಮೂಗಿನಿಂದ ಒಂದು ದೊಡ್ಡ ನಿಟ್ಟುಸಿರು, ಇವರ ಕಾಟ ಅನ್ನುವ ಹಾಗೆ. 'ಚಿಂಟು' ಬಂದದ್ದೇ ಎರಡೂ ಕಿವಿ ಒಟ್ಟಿಗೆ ನೆಟ್ಟಗಾದವು, ತಲೆ ಎತ್ತಿ ಹಿಂದೆ ತಿರುಗಿ ಸ್ಟೂಲನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಪೇಪರ್ ಹಿಂದೆ ಮುಖ ಮುಚ್ಚಿಕೊಂಡೆ.

ಇಷ್ಟಕ್ಕೇ ಗೆದ್ದೆ ಅಂದುಕೊಳ್ಳಬೇಡಿ. ಮಾರನೇ ದಿನ ಹೆಸರಿನ ಜಾಗದಲ್ಲಿ ಐದನೆಯದಾಗಿ ಇನ್ನೊಂದು ಸುಮ್ನೆ ಪದ ಹಾಕಿ. ಅದಕ್ಕೂ ತಲೆ ಎತ್ತಿದರೆ ನಿನ್ನೆಯದು ಕಾಕತಾಳೀಯ. ಮೂರನೇ ದಿನ ಬೇರೆಯವರ ದನಿಯಲ್ಲಿ ರೆಕಾರ್ಡ್ ಮಾಡಿ. ದಿನಕ್ಕೆ ಒಂದೇ ಸಲ, ಜಾಸ್ತಿ ಮಾಡಿದರೆ ನಾಯಿ ಹೆಸರಿಗೂ ಕಿವಿಗೊಡುವುದು ಬಿಡುತ್ತದೆ.

ಆಮೇಲಿನದು ಪ್ರಾಸದ ಸುತ್ತು. ಮಿಂಟು, ಬಂಟು, ಪಿಂಟು, ಕೊನೆಗೆ ಚಿಂಟು ಇರಬೇಕಿತ್ತು. ನಮ್ಮವನು ಮಿಂಟುವಿಗೇ ಎದ್ದು ನಿಂತ! ಮನೆಯಲ್ಲಿ ನಗುವೋ ನಗು. ಆದರೆ ಅವನನ್ನು ದಡ್ಡ ಅನ್ನುವಂತಿಲ್ಲ. ಬುಡಾಪೆಸ್ಟ್‌ನ ಓಟ್ವೊಶ್ ಲೊರಾಂಡ್ ವಿಶ್ವವಿದ್ಯಾಲಯದಲ್ಲಿ ಮನೆ ನಾಯಿಗಳ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ಅಲೆಗಳನ್ನು ಅಳೆದಿದ್ದಾರೆ, 2020ರಲ್ಲಿ ಅದು ಪ್ರಕಟವಾಯಿತು. ಗೊತ್ತಿರುವ ಪದಕ್ಕೂ ಪೂರ್ತಿ ಬೇರೆ ಥರದ ಅರ್ಥವಿಲ್ಲದ ಪದಕ್ಕೂ ಮೆದುಳು ಬೇರೆ ಬೇರೆಯಾಗಿ ಸ್ಪಂದಿಸಿತು. ಗೊತ್ತಿರುವ ಪದದಲ್ಲಿ ಒಂದೇ ಒಂದು ಅಕ್ಷರದ ಸದ್ದು ಬದಲಿಸಿದಾಗ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅವುಗಳ ಕಿವಿ ಚುರುಕೇ, ನಮಗೆ ಕೇಳಿಸದ ಸದ್ದೂ ಕೇಳಿಸುತ್ತದೆ. ಪದದ ಒಳಗಿನ ಒಂದೊಂದು ಸದ್ದಿಗೆ ನಮ್ಮ ಹಾಗೆ ಗಮನ ಕೊಡುವುದಿಲ್ಲ, ಅಷ್ಟೇ. ಆದ್ದರಿಂದ ಹೊಸ ಮರಿ ತಂದವರು ಮನೆಯ ಮಕ್ಕಳ ಹೆಸರಿಗೆ, ದಿನಾ ಹೇಳುವ 'ಬಾ', 'ಕೂತ್ಕೋ', 'ಬೇಡ' ಮುಂತಾದವಕ್ಕೆ ಹತ್ತಿರವಾದ ಹೆಸರು ಇಡದಿರುವುದು ಒಳ್ಳೆಯದು.

ಹೆಸರು ಕೆಟ್ಟಿದ್ದರೆ ರಿಪೇರಿ ಮಾಡುವುದು

ಕೆಲವು ನಾಯಿಗಳಿಗೆ ಹೆಸರು ಚೆನ್ನಾಗಿ ಗೊತ್ತಿರುತ್ತದೆ, ಗೊತ್ತಿರುವುದಕ್ಕೇ ಬರುವುದಿಲ್ಲ. ನಾನು ಈ ತಪ್ಪು ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ 'ಚಿಂಟು, ಬಾ' ಅಂತ ಮುದ್ದಾಗಿ ಕರೆದು, ಬಂದ ಕೂಡಲೇ ಎತ್ತಿಕೊಂಡು ಬಚ್ಚಲಿಗೆ. ನಾಲ್ಕೈದು ಭಾನುವಾರ ಕಳೆಯುವಷ್ಟರಲ್ಲಿ ಹೆಸರು ಕೇಳಿದರೆ ಮಂಚದ ಕೆಳಗೆ ಹೋಗಿ ಗೋಡೆಗೆ ಅಂಟಿಕೊಳ್ಳುವುದನ್ನು ಕಲಿತ. ಅತ್ತ ನಮ್ಮ ಅಮ್ಮ 'ಬಾರೋ ಮಗಾ' ಅಂದರೆ ಸಾಕು, ಮಂಚದಡಿಯಿಂದ ತೆವಳಿಕೊಂಡು ಹೋಗುತ್ತಿದ್ದ, ಅಮ್ಮನ ಸೆರಗಿನ ಕೆಳಗೆ ಯಾವಾಗಲೂ ಚಪಾತಿ ತುಂಡು ಇರುತ್ತದೆ. ನನ್ನ ಪ್ರಕಾರ ನಾಯಿಗೆ ಹೆಸರು ಅಂದರೆ 'ನಾನು ಇಂಥವನು' ಅಂತ ಅಲ್ಲ, 'ಈಗ ನನಗೆ ಸಂಬಂಧಪಟ್ಟದ್ದು ಏನೋ ಬರುತ್ತಿದೆ' ಅಂತ. ಬರುವುದು ಚಪಾತಿಯೋ ಬಕೆಟ್ಟೋ ಅನ್ನುವುದು ನಿಮ್ಮ ಕೈಯಲ್ಲಿದೆ.

ರಿಪೇರಿ ಹೀಗೆ. ನಾಯಿ ಬೇರೆ ಕಡೆ ನೋಡುತ್ತಿರುವಾಗ ಒಂದೇ ಸಲ ಹೆಸರು ಹೇಳಿ. ತಿರುಗಿ ನೋಡಿದ ಕ್ಷಣವೇ ಬಾಯಿಗೆ ಒಂದು ಚೂರು, ಕಡಲೆಬೀಜದಷ್ಟು ಚಪಾತಿ ಅಥವಾ ಬೇಯಿಸಿದ ಮೊಟ್ಟೆ. ತಡ ಮಾಡಬೇಡಿ, ಡಬ್ಬ ಹುಡುಕಿ ಮುಚ್ಚಳ ತೆಗೆಯುವಷ್ಟರಲ್ಲಿ ನಾಯಿಗೆ ಯಾವುದಕ್ಕೆ ಕೊಟ್ಟರು ಅನ್ನುವುದೇ ಮರೆತಿರುತ್ತದೆ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಯಾವತ್ತೂ ಕೊಡಬೇಡಿ, ಅವು ನಾಯಿಗೆ ವಿಷ. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಎರಡು ಮೂರು ಸಲ. 'ಚಿಂಟು ಚಿಂಟು ಚಿಂಟು' ಅಂತ ಜಪ ಮಾಡಬೇಡಿ, ಮೊದಲ ಎರಡಕ್ಕೆ ಬೆಲೆ ಇಲ್ಲ ಅಂತ ಅದು ಕಲಿಯುತ್ತದೆ. ಬೈಯಲು ಹೆಸರು ಬಳಸಬೇಡಿ. ಸ್ನಾನಕ್ಕೆ ಕರೆಯಬೇಡಿ, ಹೋಗಿ ಕರೆದುಕೊಂಡು ಬನ್ನಿ.

ಯಾವ ಸದ್ದಿಗೂ, ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೂ ತಿರುಗದ ನಾಯಿಗೆ ಕಿವಿ ಕೇಳಿಸದೆ ಇರಬಹುದು, ಪಶುವೈದ್ಯರಿಗೆ ತೋರಿಸಿ. ವಯಸ್ಸಾದ ನಾಯಿಗಳಲ್ಲಿ ಇದು ಮಾಮೂಲು, ಡಾಲ್ಮೇಷಿಯನ್ ಮರಿಗಳಲ್ಲಿ ಹುಟ್ಟುಕಿವುಡು ಬೇರೆ ತಳಿಗಳಿಗಿಂತ ಜಾಸ್ತಿ.

ಪಿಂಟು ಸಮಸ್ಯೆಗೂ ಇದೇ ಚಪಾತಿ ಹಿಡಿದುಕೊಂಡು ಕೂತೆ. ಚಿಂಟು ಅಂದಾಗ ತಿರುಗಿದರೆ ಚೂರು, ಪಿಂಟು ಅಂದಾಗ ತಿರುಗಿದರೆ ಏನೂ ಇಲ್ಲ. ಮೂರು ವಾರ ಆಯಿತು. ಈಗ ಸಂಜೆ ಆರೂವರೆಗೆ ಆ ಕೂಗು ಬಂದರೆ ಕಿವಿ ಒಂದು ಸಲ ಅಲ್ಲಾಡುತ್ತದೆ, ನನ್ನ ಕೈ ಕಡೆ ನೋಡುತ್ತಾನೆ, ಮತ್ತೆ ಗಲ್ಲ ಊರಿ ಮಲಗುತ್ತಾನೆ. ಪಕ್ಕದ ಮನೆಯಲ್ಲಿ ಮೀನು ಹುರಿಯುವ ದಿನಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.