ಒಂದೇ ಅಕ್ಷಾಂಶ, ಬೇರೆ ಬೇರೆ ಬೇಸಿಗೆ: ಕೊಡಗನ್ನು ವಿಯೆಟ್ನಾಮಿನ ಡಾಕ್ ಲಾಕ್ ಜೊತೆ ಹೋಲಿಸಿದ ಅನುಭವ

ರೊಬಸ್ಟಾ ಕಾಫಿಯ ಬೆಲೆ ಏರಿದರೂ ಇಳಿದರೂ ಕೊಡಗಿನಲ್ಲಿ ಮೊದಲು ಕೇಳಿಬರುವ ಹೆಸರು ವಿಯೆಟ್ನಾಂ. ಅಲ್ಲಿ ಹೆಕ್ಟೇರಿಗೆ ಎರಡೂವರೆ ಟನ್ನಿನ ಮೇಲೆ ಕಾಫಿ ಸಿಗುತ್ತದೆ, ನಮ್ಮ ದೇಶದ ರೊಬಸ್ಟಾ ಸರಾಸರಿ ಇನ್ನೂ ಒಂದು ಟನ್ನಿನ ಆಸುಪಾಸಿನಲ್ಲೇ ಇದೆ, ನೆರಳು ಮರ ತೆಗೆದರೆ ನಮಗೂ ಅಷ್ಟೇ ಬಂದೀತು ಎಂಬ ಲೆಕ್ಕಾಚಾರ ಸಂತೆಯಲ್ಲೂ ಮದುವೆ ಮನೆಯ ಪಂಕ್ತಿಯಲ್ಲೂ ನಡೆಯುತ್ತಲೇ ಇರುತ್ತದೆ. ಸುಂಟಿಕೊಪ್ಪದ ಕಡೆಯ ರೊಬಸ್ಟಾ ಬೆಳೆಗಾರನಾದ ನನಗೂ ಈ ಸಲಹೆ ಬೇಕಾದಷ್ಟು ಸಿಕ್ಕಿದೆ. ಮರಕ್ಕೆ ಕೊಡಲಿ ಹಾಕುವ ಮೊದಲು ಆ ಊರಿನ ನೆಲ, ಹವೆ ಎಂಥದ್ದು ಎಂದು ತಿಳಿದುಕೊಳ್ಳೋಣವೆಂದು ಮಳೆಗಾಲದ ಬಿಡುವಿನಲ್ಲಿ ಎರಡೂ ಪ್ರದೇಶಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕುಳಿತೆ.

ಶುರು ಮಾಡಿದ್ದು ಭೂಪಟದಿಂದ. ವಿಯೆಟ್ನಾಮಿನ ಕಾಫಿ ರಾಜಧಾನಿ ಎನ್ನಿಸಿಕೊಂಡ ಬುವೊನ್ ಮಾ ಥುವೊಟ್ ಇರುವುದು ಡಾಕ್ ಲಾಕ್ ಪ್ರಾಂತ್ಯದಲ್ಲಿ, 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಡಿಕೇರಿ 12.4 ಡಿಗ್ರಿ. ನಡುವೆ ರೇಖಾಂಶದಲ್ಲಿ 32 ಡಿಗ್ರಿ ಅಂತರವಿದ್ದರೂ ಎರಡೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. ಹಗಲಿನ ಉದ್ದ ಒಂದೇ. ಸೂರ್ಯ ನೆತ್ತಿಯ ಮೇಲೆ ಬರುವುದೂ ಎರಡೂ ಕಡೆ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದ ಸುಮಾರಿಗೆ ಇನ್ನೊಮ್ಮೆ. ಆಗಸ್ಟಿನದು ನಮ್ಮಲ್ಲಿ ಯಾರ ಗಮನಕ್ಕೂ ಬರುವುದಿಲ್ಲ ಎಂಬುದು ಬೇರೆ ಮಾತು. ಕಕ್ಕಡದ, ಅಂದರೆ ನಮ್ಮ ಆಟಿ ತಿಂಗಳ, ಮೋಡ ಆಗ ಇನ್ನೂ ಪೂರ್ತಿ ಸರಿದಿರುವುದಿಲ್ಲ.

ಎತ್ತರದಲ್ಲಿ ಮಾತ್ರ ವ್ಯತ್ಯಾಸವಿದೆ. ಅವರ ಪ್ರಸ್ಥಭೂಮಿ 500 ಮೀಟರ್ ಸುಮಾರಿಗೆ, ನಮ್ಮ ರೊಬಸ್ಟಾ ಪಟ್ಟಿ 900ರ ಹತ್ತಿರ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪು ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ಎರಡೂವರೆ ಡಿಗ್ರಿ ಅಂತರ. ರೊಬಸ್ಟಾಕ್ಕೆ ಅದೇನು ದೊಡ್ಡದಲ್ಲ.

ಮಳೆಯ ಲೆಕ್ಕಕ್ಕೆ ಬಂದಾಗ ಮೊದಲ ಕೆಲಸ ಅಳತೆಯನ್ನು ಸರಿಮಾಡುವುದು. ಕೊಡಗಿನ ತೋಟಗಳಲ್ಲಿ ಇಂದಿಗೂ ಮಳೆ ಬೀಳುವುದು ಇಂಚು ಮತ್ತು ಸೆಂಟಿನಲ್ಲಿ; ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ. ಬೆಳಿಗ್ಗೆ ಮಾಪಕದ ನೀರು ಅಳೆದು "ಒಂದು ಇಂಚು ಇಪ್ಪತ್ತು ಸೆಂಟು" ಎಂದು ಪುಸ್ತಕದಲ್ಲಿ ಬರೆದರೆ ಮಾತ್ರ ನಮಗೆ ಮಳೆ ಬಂದ ಹಾಗೆ. ಅಲ್ಲಿಯ ಅಂಕಿಗಳೆಲ್ಲ ಮಿಲಿಮೀಟರಿನಲ್ಲಿ. 25.4ರಿಂದ ಭಾಗಿಸಿದಾಗ ಡಾಕ್ ಲಾಕ್‌ನ ವರ್ಷದ ಮಳೆ 70 ಇಂಚಿನ ಸುತ್ತಮುತ್ತ ಬಂತು. ಕೊಡಗಿನ ಪೂರ್ವ ಭಾಗದ ಎಷ್ಟೋ ತೋಟಗಳ ಪುಸ್ತಕದಲ್ಲಿ ಇದೇ ಸಂಖ್ಯೆ ಸಿಗುತ್ತದೆ. ಒಂದೇ ಅಕ್ಷಾಂಶ, ಒಂದೇ ಮಳೆ, ಒಂದೇ ಗಿಡ. ಇಲ್ಲಿಗೇ ನಿಲ್ಲಿಸಿದರೆ ಸಂತೆಯ ಲೆಕ್ಕಾಚಾರವೇ ಗೆದ್ದಂತೆ.

ಇಂಥ ಹೋಲಿಕೆಗೆ ಕೈ ಹಾಕುವವರಿಗೆ ಒಂದು ಮಾತು. ಉಪಗ್ರಹ ಮತ್ತು ಗಣಕ ಮಾದರಿಗಳ ಆಧಾರದ ಹವಾಮಾನ ಮಾಹಿತಿ ಈಗ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ನಾನು ಬಳಸಿದ್ದು ನಾಸಾದ ಪವರ್ ಮಾಹಿತಿಕೋಶ. ಅದರಲ್ಲಿ ಮಳೆಯ ಒಂದೊಂದು ಚೌಕ ಅರ್ಧ ಡಿಗ್ರಿಗೂ ಮಿಕ್ಕಿದ್ದು, ಅಂದರೆ ಐವತ್ತು ಅರವತ್ತು ಕಿಲೋಮೀಟರ್ ಅಗಲ. ಅಲೆಅಲೆಯಾಗಿ ಹರಡಿದ ಡಾಕ್ ಲಾಕ್ ಬಯಲಿಗೆ ಅದು ತಕ್ಕಮಟ್ಟಿಗೆ ಹೊಂದುತ್ತದೆ. ಕೊಡಗಿನಲ್ಲಿ 200 ಇಂಚು ದಾಟುವ ಭಾಗಮಂಡಲಕ್ಕೂ 40 ಇಂಚಿನ ಕುಶಾಲನಗರಕ್ಕೂ ನೇರ ದೂರ ಐವತ್ತು ಕಿಲೋಮೀಟರ್ ಕೂಡ ಇಲ್ಲ. ಎರಡನ್ನೂ ಕಲಸಿ ಕೊಟ್ಟ ಸರಾಸರಿ ಯಾವ ತೋಟದ ಮಳೆಯೂ ಆಗುವುದಿಲ್ಲ. ಹಾಗಾಗಿ ನಮ್ಮ ಕಡೆಗೆ ತೋಟದ ಮಳೆ ಪುಸ್ತಕವನ್ನೇ ಹಿಡಿದೆ, ಅವರ ಕಡೆಗೆ ಮಾತ್ರ ಆ ಮಾಹಿತಿಕೋಶ.

ವರ್ಷವನ್ನು ಜನವರಿಯಿಂದ ಎಣಿಸುವ ಬದಲು ನವೆಂಬರಿನಿಂದ ಎಣಿಸಿದ್ದು ಹೆಚ್ಚು ಉಪಯೋಗಕ್ಕೆ ಬಂತು. ಗಿಡಕ್ಕೆ ಒಣಗಾಲ ಶುರುವಾಗುವುದು ಆಗ. ತಿಂಗಳುಗಳನ್ನು ಹಾಗೆ ಸಾಲಾಗಿ ಬರೆದಾಗ ಎರಡು ಊರುಗಳ ಮುಖ ಬೇರೆಬೇರೆಯಾಗಿ ಕಂಡವು. ಡಾಕ್ ಲಾಕ್‌ನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ಸುಮಾರು ಒಂಬತ್ತರಿಂದ ಹನ್ನೆರಡು ಇಂಚು, ಸಮನಾಗಿ ಹಂಚಿ ಬಡಿಸಿದಂತೆ. ನಮ್ಮಲ್ಲಿ ಜೂನ್, ಜುಲೈ, ಆಗಸ್ಟ್ ಮೂರೇ ತಿಂಗಳು ವರ್ಷದ ಬಹುಪಾಲನ್ನು ನುಂಗುತ್ತವೆ. ಮಡಿಕೇರಿಯಲ್ಲಿ ಜುಲೈ ಒಂದರಲ್ಲೇ 35–40 ಇಂಚು ಮಾಮೂಲು. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ನಮಗೆ ಗುಡುಗು ಮಳೆಯ ಆಸೆಯಿದೆ. ಜನವರಿ, ಫೆಬ್ರವರಿಯಲ್ಲಿ ಅವರಿಗೆ ಆ ಆಸೆಯೂ ಇಲ್ಲ. ಅಕ್ಟೋಬರ್ ನಂತರ ಬೀಸುವ ಈಶಾನ್ಯ ಮಾರುತದ ನೀರನ್ನು ಅನ್ನಾಮ್ ಬೆಟ್ಟಸಾಲು ಪೂರ್ವದ ಕರಾವಳಿಯಲ್ಲೇ ಇಳಿಸಿಕೊಂಡು ಬಿಡುತ್ತದೆ, ಪ್ರಸ್ಥಭೂಮಿಗೆ ಒಣ ಗಾಳಿ ಮಾತ್ರ ದಾಟಿ ಬರುತ್ತದೆ. ಮುಂಗಾರಿನಲ್ಲಿ ಕುಶಾಲನಗರಕ್ಕೆ ಪಶ್ಚಿಮಘಟ್ಟ ಮಾಡುವುದೂ ಇದನ್ನೇ, ದಿಕ್ಕು ಮಾತ್ರ ಅದಲುಬದಲು. ನದಿಗಳೂ ಹಾಗೆಯೇ. ಅರಬ್ಬೀ ಸಮುದ್ರ ಐವತ್ತು ಕಿಲೋಮೀಟರಿನಷ್ಟು ಹತ್ತಿರವಿದ್ದರೂ ತಲಕಾವೇರಿಯ ನೀರು ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತದೆ. ಡಾಕ್ ಲಾಕ್‌ನ ಸ್ರೇಪೊಕ್ ನದಿ ಪಕ್ಕದ ಪೂರ್ವ ಸಮುದ್ರಕ್ಕೆ ಬೆನ್ನು ಹಾಕಿ ಪಶ್ಚಿಮಕ್ಕೆ ಹರಿದು ಕಾಂಬೋಡಿಯಾದಲ್ಲಿ ಮೆಕಾಂಗ್ ಜಲಾನಯನವನ್ನು ಸೇರುತ್ತದೆ.

ಹೂ ಅರಳಲು ರೊಬಸ್ಟಾಕ್ಕೆ ಒಣಗಾಲದ ಕೊನೆಯಲ್ಲಿ ಒಂದು ಒಳ್ಳೆಯ ನೀರು ಬೇಕು, ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಹೂ ಕಾಯಿಯಾಗಿ ನಿಲ್ಲಲು ಎರಡನೆಯ ನೀರು, ಬೇಕು. ಒಂದೂವರೆ ಇಂಚು ಹೂ ಮಳೆ ಬಿದ್ದರೆ ನಮ್ಮಲ್ಲಿ ನೆಮ್ಮದಿ. ಮಳೆ ಬರದ ಕಡೆ ಅವರು ಏನು ಮಾಡುತ್ತಾರೆ? ಗಿಡದ ಸುತ್ತ ಬೋಗುಣಿಯಂತೆ ಮಣ್ಣು ತೆಗೆದು, ಪೈಪು ಎಳೆದು, ಒಂದೊಂದು ಗಿಡಕ್ಕೆ ನಾಲ್ಕೈದು ನೂರು ಲೀಟರ್ ತುಂಬಿಸುತ್ತಾರೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಎಂದರೆ ಒಂದು ಮಿಲಿಮೀಟರ್ ಮಳೆ. ಅಲ್ಲಿ ಗಿಡಗಳ ಅಂತರ ಸಾಮಾನ್ಯವಾಗಿ ಮೂರು ಮೀಟರ್, ಅಂದರೆ ಗಿಡಕ್ಕೆ ಒಂಬತ್ತು ಚದರ ಮೀಟರ್ ಜಾಗ. 450 ಲೀಟರನ್ನು ಒಂಬತ್ತರಿಂದ ಭಾಗಿಸಿದರೆ 50 ಮಿಲಿಮೀಟರ್, ನಮ್ಮ ಭಾಷೆಯಲ್ಲಿ ಎರಡು ಇಂಚು. ನಾವು ಆಕಾಶ ನೋಡಿ ಕಾಯುವ ಅದೇ ಹೂ ಮಳೆಯನ್ನು ಅವರು ನೆಲದಿಂದ ಎತ್ತಿ ಸುರಿಯುತ್ತಿದ್ದಾರೆ! ಈ ಲೆಕ್ಕ ಕೂಡಿಬಂದ ಮೇಲೆ ಉಳಿದ ವಿವರಗಳೆಲ್ಲ ತಾವಾಗಿಯೇ ಜಾಗಕ್ಕೆ ಕೂತವು.

ಆ ನೀರು ಎಲ್ಲಿಂದ ಬರುತ್ತದೆ ಎಂದರೆ ಬಸಾಲ್ಟ್‌ನಿಂದ. ಡಾಕ್ ಲಾಕ್‌ನ ಕೆಂಪು ಮಣ್ಣು ಜ್ವಾಲಾಮುಖಿ ಶಿಲೆ ಶಿಥಿಲವಾಗಿ ಆದದ್ದು, ಆಳವಾದದ್ದು. ಕೆಳಗಿನ ಬಿರುಕು ಬಿಟ್ಟ ಬಂಡೆ ಆರು ತಿಂಗಳ ಹದವಾದ ಮಳೆಯನ್ನು ಹೀರಿಟ್ಟುಕೊಳ್ಳುತ್ತದೆ, ಬಾವಿಯಲ್ಲಿ ಅದು ಸಿಗುತ್ತದೆ. ನಮ್ಮದು ಬಹುಪಾಲು ಹಳೆಯ ಗಟ್ಟಿ ಶಿಲೆಯ ಮೇಲಿನ ಇಳಿಜಾರು. ಜುಲೈನ ನೀರು ನಿಲ್ಲಲು ಪುರುಸೊತ್ತಿಲ್ಲದೆ ತೋಡು, ಹೊಳೆ ಸೇರಿ ಕೃಷ್ಣರಾಜಸಾಗರ ತಲುಪುತ್ತದೆ. ನೂರು ಇಂಚು ಮಳೆ ಕಂಡ ತೋಟದಲ್ಲೂ ಮಾರ್ಚ್ ತಿಂಗಳು ಸ್ಪ್ರಿಂಕ್ಲರಿಗೆ ನೀರು ಸಾಲದೆ ಕೆರೆಯ ತಳ ಕಾಣುವುದು ಇದಕ್ಕೇ.

ಇನ್ನು ಮರದ ವಿಷಯ. ಅವರ ತೋಟದಲ್ಲಿ ಮರವೇ ಇಲ್ಲ ಎಂಬುದು ಅರ್ಧ ಸತ್ಯ. ಒಣಗಾಲದ ಗಾಳಿ ತಡೆಯಲು ಸಾಲುಮರ ನೆಡುವ ರೂಢಿ ಅಲ್ಲಿದೆ, ಈಚೆಗೆ ಕಾಳುಮೆಣಸು, ಡುರಿಯನ್ ನಡುವೆ ಸೇರಿಕೊಂಡಿವೆ. ಆದರೂ ನಮ್ಮಂಥ ದಟ್ಟ ನೆರಳಿಲ್ಲ. ನೀರು ಕೈಯಳತೆಯಲ್ಲಿರುವಾಗ ಬಿಸಿಲನ್ನು ಇಳುವರಿಯಾಗಿ ಬದಲಾಯಿಸಬಹುದು, ಗೊಬ್ಬರವನ್ನೂ ಧಾರಾಳವಾಗಿ ಸುರಿಯಬಹುದು. ನೀರಿಗೆ ಮಳೆಯನ್ನೇ ನಂಬಿದ ನಾವು ಏಪ್ರಿಲ್‌ನ ನೆತ್ತಿ ಬಿಸಿಲಿಗೆ ಹೂ, ಎಳೆಗಾಯಿ ಒಡ್ಡಿ ಕೂರಲಾಗುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಮರಗಸಿ ಮಾಡಿ, ಅಂದರೆ ನೆರಳು ಮರದ ಕೊಂಬೆ ಸವರಿ, ಬೆಳಕು ಬಿಡುವುದು, ಒಣಗಾಲಕ್ಕೆ ಕೊಂಬೆ ಮತ್ತೆ ತುಂಬಲು ಬಿಡುವುದು ನಮ್ಮ ಹಿರಿಯರು ಈ ಹವೆಗೆ ಹೊಂದಿಸಿಕೊಂಡ ಲೆಕ್ಕ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ಇಳಿಜಾರಿನಲ್ಲಿ ಬೇರು ಏನು ಮಾಡುತ್ತದೆ ಎಂದು ವಿವರಿಸಬೇಕಾಗಿಲ್ಲ.

ಬಾವಿಯ ನಂಬಿಕೆಗೂ ಮಿತಿಯಿದೆ. 2023–24ರ ಎಲ್ ನಿನೋ ಹಿಂದೆಯೇ ಬಂದ ಬರದಲ್ಲಿ ಅಲ್ಲಿಯ ಬಾವಿ, ಕೊಳಗಳು ಬತ್ತಿ, 2024ರ ಏಪ್ರಿಲ್‌ನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 4,000 ಡಾಲರ್ ದಾಟಿತು. ನಮ್ಮ ಕಣದಲ್ಲಿ ಸಂಭ್ರಮವಿತ್ತು, ಅದನ್ನು ಮುಚ್ಚಿಡುವುದೇಕೆ.

ಮರ ಕಡಿಯುವ ಯೋಚನೆಯನ್ನು ನಾನು ಕೈಬಿಟ್ಟೆ. ಆ ದುಡ್ಡಿನಲ್ಲಿ ಕೆರೆಯ ಹೂಳೆತ್ತಿಸಿ, ಮೇಲಿನ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿಸಿದೆ. ಮಳೆ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆದಿದ್ದೇನೆ: ಹೂ ಮಳೆಗೂ ಬ್ಯಾಕಿಂಗ್ ಮಳೆಗೂ ನಡುವೆ ಹೋದ ದಿನಗಳು. ಮುಂದೆ ಹೋಲಿಸಬೇಕೆಂದಿರುವುದು ಕೊಯ್ಲಿನ ಕಾಲದ ಮಳೆಯನ್ನು. ಅವರಿಗೆ ನವೆಂಬರಿನಲ್ಲಿ ಚಂಡಮಾರುತದ ಬಾಲ, ನಮಗೆ ಡಿಸೆಂಬರ್, ಜನವರಿಯ ಅಕಾಲ ಮಳೆ. ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಹೊದಿಸಲು ಓಡುವುದು ಎರಡೂ ಕಡೆ ಇದ್ದದ್ದೇ.